ಸಣ್ಣ ಮನೆಯ ದಲಾಲಿ

ಬೆಳಗಾವಿಯಲ್ಲಿ ಕುಂದಾ ಎಂಬ ಹೆಸರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಊರಿನ ಮಿಠಾಯಿಯ ಹೆಸರೇ ಅದು. ಪೀರನವಾಡಿಯ ಕುಂದಾ ಜಾಂಬೋಟಕರ ಫೋನಿನಲ್ಲಿ ತನ್ನ ಹೆಸರು ಹೇಳಿದರೆ ಆ ಕಡೆಯವರು ಮೊದಲು ನಗುತ್ತಿದ್ದರು, ಆಮೇಲೆ ಮನೆಯ ವಿಚಾರಕ್ಕೆ ಬರುತ್ತಿದ್ದರು. ಮನೆ ಮಾರಿಸುವವಳಿಗೆ ಇಂಥ ಹೆಸರಿಟ್ಟ ತನ್ನ ಮಾವನವರು ದೂರದೃಷ್ಟಿಯವರು ಎಂದು ಗಂಡ ಅವಧೂತ ಚೇಷ್ಟೆ ಮಾಡುತ್ತಿದ್ದ.

ಈ ಕಸುಬನ್ನು ಅವಳು ಬಯಸಿ ಹಿಡಿದದ್ದಲ್ಲ. ಮೊದಲು ಶಹಾಪುರದ ಒಂದು ಸೀರೆ ಅಂಗಡಿಯಲ್ಲಿ ಬಹಳ ವರ್ಷ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದಳು. ಮಾಲೀಕರು ತೀರಿಕೊಂಡು ಅಂಗಡಿ ಮುಚ್ಚಿದಾಗ ಅಲ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ತಮ್ಮ ಮಗ ಆಶಿಶ್‌ನ ಆಫೀಸಿಗೆ ಕರೆದರು. ಟಿಳಕವಾಡಿಯಲ್ಲಿ ಆಶಿಶ್‌ನದು ಮನೆ, ಫ್ಲ್ಯಾಟು, ಸೈಟು ಮಾರಿಸುವ ವ್ಯವಹಾರ. ಮನೆ ನೋಡಲು ಬರುವವರಲ್ಲಿ ಕಡೆಯ ಮಾತು ಹೆಂಗಸರದೇ ಎಂಬುದು ಅವನಿಗೆ ಗೊತ್ತಾಗಿತ್ತು. ಕುಂದಾ ಅವರನ್ನು ನೇರ ಅಡುಗೆಮನೆಗೆ ಕರೆದೊಯ್ಯುತ್ತಿದ್ದಳು. ನೀರು ಯಾವಾಗ ಬರುತ್ತದೆ, ಒಗೆದ ಬಟ್ಟೆ ಎಲ್ಲಿ ಹಾಕುವುದು, ಬಾಜು ಮನೆಯವರು ಎಂಥವರು ಎಂದೆಲ್ಲ ಅವರು ಕೇಳುವ ಮೊದಲೇ ಹೇಳುತ್ತಿದ್ದಳು. ಕೆಲವೇ ವರ್ಷಗಳಲ್ಲಿ ಆಫೀಸಿನ ಅರ್ಧ ವ್ಯವಹಾರ ಅವಳ ಕೈಯಿಂದಲೇ ಆಗತೊಡಗಿತು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಆಶಿಶ್ ಅವಳನ್ನು ಖಾನಾಪುರಕ್ಕೆ ಕಳಿಸಿದ. ರೈಲ್ವೆ ಸ್ಟೇಶನ್ನಿನ ಹತ್ತಿರ ಒಂದು ಹೆಂಚಿನ ಮನೆ ಮಾರಾಟಕ್ಕಿದೆ, ನೋಡಿ ಬನ್ನಿ ಎಂದ. ಎರಡು ಖೋಲಿ, ಹಿಂದೆ ಬಚ್ಚಲು, ಮುಂದೆ ಒಂದು ಕಟ್ಟೆ. ಮನೆಯೊಡತಿ ಚಂದ್ರವ್ವ ಅರವತ್ತರ ಆಸುಪಾಸಿನವಳು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಗಂಡ ಹೆಂಚಿನ ಕಾರಖಾನೆಯಲ್ಲಿ ದುಡಿದು ಕೆಲವು ವರ್ಷದ ಹಿಂದೆ ತೀರಿಕೊಂಡಿದ್ದ. ಮಗಳು ಮೇಘಾ ಬೀಡಿ ಎಂಬ ಊರಿನ ಬಸ್ ಸ್ಟ್ಯಾಂಡಿನ ಎದುರು ಚಹಾದ ಅಂಗಡಿ ಇಟ್ಟಿದ್ದಳು. ಪಕ್ಕದ ಮಳಿಗೆಯನ್ನೂ ಹಿಡಿದು ಖಾನಾವಳಿ ಮಾಡಬೇಕೆಂದು ತಾಯಿ-ಮಗಳ ವಿಚಾರ.

"ಮಗಳ ಮನ್ಯಾಗ ಉಂಡು ಕುಂದರಾಕ ಹೊಂಟಿಲ್ಲ ಬಾಯಿ. ಪಾಲು ಹಾಕಾಕ ಹೊಂಟೇನಿ. ಅರ್ಧ ಆಕಿದು, ಅರ್ಧ ನಂದು" ಎಂದಳು ಚಂದ್ರವ್ವ, ಚಹಾ ಸೋಸುತ್ತ.

ಮನೆಗೆ ಆರೂವರೆ ಲಕ್ಷದ ಮೇಲೆ ಬರುವುದು ಕಷ್ಟ ಎಂದು ಕುಂದಾಳಿಗೆ ನೋಡಿದ ಕೂಡಲೇ ತಿಳಿಯಿತು. ಅದನ್ನು ಮುಚ್ಚಿಡದೆ ಹೇಳಿದಳು. ಚಂದ್ರವ್ವ ಒಪ್ಪಿದಳು. ಆಮೇಲೆ ಕಮಿಷನ್ನಿನ ಮಾತು ಬಂತು. ಸಣ್ಣ ಆಸ್ತಿಗೆ ಆಶಿಶ್‌ನ ಆಫೀಸಿನಲ್ಲಿ ನೂರಕ್ಕೆ ಇಷ್ಟು ಎಂಬ ಟಕ್ಕೆಯ ಲೆಕ್ಕ ಇರಲಿಲ್ಲ. ಐವತ್ತು ಸಾವಿರಕ್ಕಿಂತ ಕಡಿಮೆಗೆ ಯಾವ ಕೆಲಸವನ್ನೂ ಹಿಡಿಯಬಾರದು ಎಂಬುದು ನಿಯಮ.

ಚಂದ್ರವ್ವ ಸೋಸುವುದನ್ನು ನಿಲ್ಲಿಸಿ ಕೇಳಿದಳು.

"ಟಿಳಕವಾಡ್ಯಾಗ ಬಂಗ್ಲೆ ಮಾರಿದ್ರ ಎಷ್ಟ ತಗೋತೀರಿ?"

"ಎರಡು ಟಕ್ಕೆ ತಗೋತೀವ್ರಿ."

"ನೂರಕ್ಕ ಎರಡು. ನನ್ನ ಮನಿಗೆ ನೂರಕ್ಕ ಎಂಟರ ಹತ್ರ ಬಂತಲ್ಲ? ಇದ್ದವ್ರಿಗೆ ಎರಡು, ಇಲ್ಲದವ್ರಿಗೆ ಎಂಟು. ಯಾಕ ಬಾಯಿ?"

"ಮನಿ ಸಣ್ಣದಾದ್ರ ಓಡಾಟ ಸಣ್ಣದಾಗಂಗಿಲ್ರಿ ಅವ್ವಾರ. ಬಂಗ್ಲೆಗೂ ಅಷ್ಟ ಸಲ ಬರಬೇಕು, ನಿಮ್ಮ ಮನಿಗೂ ಅಷ್ಟ ಸಲ ಬರಬೇಕು. ಕಾಗದಪತ್ರನೂ ಅಷ್ಟ. ಖರೇ ಹೇಳಬೇಕಂದ್ರ ಸಣ್ಣ ಮನಿಗೇ ತಾಪತ್ರಯ ಜಾಸ್ತಿ."

"ನಿಮ್ಮ ಮಾತು ಖರೇ ಇರಬಹುದು. ಆದ್ರ ನನ್ನ ರೊಕ್ಕನೂ ಸಣ್ಣದೈತಲ್ಲ? ಆ ಐವತ್ತು ಸಾವಿರದಾಗ ಖಾನಾವಳಿಗೆ ಬಾಂಡೆ, ಒಲಿ, ಕುಂದರಾಕ ಬಾಕು, ಟೇಬಲ್ ಎಲ್ಲಾ ಬರ್ತಾವು."

ಕುಂದಾ ಚಹಾ ಕುಡಿದು ಎದ್ದಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟಿರಲಿಲ್ಲ. ಕೆಲಸ ಮಾತ್ರ ಮುರಿದಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವಳನ್ನು ಆ ಮಾತು ಕೂತಲ್ಲಿ ಕೂರಗೊಡಲಿಲ್ಲ. ಚಂದ್ರವ್ವ ಸುಳ್ಳು ಹೇಳಿರಲಿಲ್ಲ. ತಾನೂ ಸುಳ್ಳು ಹೇಳಿರಲಿಲ್ಲ. ಇಬ್ಬರದೂ ಸರಿಯಾದರೆ ತಪ್ಪಿರುವುದಾದರೂ ಎಲ್ಲಿ? ಖಾನಾಪುರ, ಪೀರನವಾಡಿ, ಮಚ್ಛೆ ಕಡೆಯ ಇಂಥ ಎಷ್ಟೋ ಮನೆಗಳನ್ನು ಈ ಐವತ್ತು ಸಾವಿರದ ಮಾತು ಹೇಳಿ ಅವಳು ಕೈಬಿಟ್ಟು ಬಂದಿದ್ದಳು. ಆ ಜನ ಆಮೇಲೆ ಏನು ಮಾಡಿದರು, ಯಾರ ಕೈಗೆ ಸಿಕ್ಕರು, ಎಷ್ಟಕ್ಕೆ ಮಾರಿದರು ಎಂದು ಎಂದೂ ವಿಚಾರಿಸಿರಲಿಲ್ಲ.

ಅವಧೂತ ಒಂದು ಸಹಕಾರಿ ಸೊಸಾಯಿಟಿಯಲ್ಲಿ ಕಾರಕೂನ. ಸಂಜೆಯ ಅಡುಗೆ ಅವನ ಪಾಳಿ. ಅವನು ಬದನೆಕಾಯಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡ. ಅವರ ಮನೆಮಾತು ಮರಾಠಿ. ಮರಾಠಿಯಲ್ಲಿ ಅವನು ಕೇಳಿದ್ದು ಇಷ್ಟೇ: ಆ ಓಡಾಟದಲ್ಲಿ ನೀನೇ ಮಾಡಬೇಕಾದದ್ದು ಎಷ್ಟು? ಕೀಲಿ ತೆಗೆದು ಮನೆ ತೋರಿಸಲು ನೀನೇ ಯಾಕೆ ಹೋಗಬೇಕು, ಆ ಬಾಯಿ ಮನೆಯಲ್ಲೇ ಇರುತ್ತಾಳಲ್ಲ?

ಮರುದಿನ ಅವಳು ಆಶಿಶ್‌ನ ಮುಂದೆ ಕೂತು ಸಣ್ಣ ಮನೆಗಳ ವ್ಯವಹಾರವನ್ನು ತಾನು ಬೇರೆಯಾಗಿ ಸ್ವಂತಕ್ಕೆ ಮಾಡುವೆ ಎಂದಳು. ಅವನು ತಕರಾರು ಮಾಡುತ್ತಾನೆಂದು ಹೆದರಿದ್ದಳು. ಅವನು ನಕ್ಕುಬಿಟ್ಟ.

"ತಗೋರಿ ಕುಂದಾತಾಯಿ, ಎಲ್ಲಾ ನೀವ ತಗೋರಿ. ನನಗ ಆ ಮನಿಗಳಿಂದ ಪೆಟ್ರೋಲಿನ ಖರ್ಚೂ ಹುಟ್ಟಂಗಿಲ್ಲ. ಬ್ಯಾಡ ಅನ್ನಾಕ ಸಂಕೋಚ ಆಗ್ತೈತಿ ಅಂತನ ಆ ರೇಟು ಇಟ್ಟೇನಿ."

ಆ ಐವತ್ತು ಸಾವಿರ ಕೂಲಿಯಲ್ಲ, ಜನ ತಾವಾಗಿಯೇ ತಿರುಗಿ ಹೋಗಲೆಂದು ಹಾಕಿದ ಬೇಲಿ ಎಂದು ಕುಂದಾಳಿಗೆ ಆವತ್ತು ತಿಳಿಯಿತು.

ಅವಳು ಮತ್ತೆ ಖಾನಾಪುರಕ್ಕೆ ಹೋದಳು. ಗಿರಾಕಿ ಹುಡುಕುವುದು, ಕಾಗದಪತ್ರ ನೋಡುವುದು, ನೋಂದಣಿಯ ದಿನ ಜೊತೆಗಿರುವುದು ತನ್ನ ಪಾಲು. ಮನೆ ತೋರಿಸುವುದು, ಬಂದವರಿಗೆ ಫೋನು ಮಾಡುವುದು ಚಂದ್ರವ್ವನ ಪಾಲು. ಇಷ್ಟಕ್ಕೆ ಹದಿನೈದು ಸಾವಿರ, ಅದೂ ಮನೆ ಮಾರಿದ ಮೇಲೆ. ಚಂದ್ರವ್ವ ಅವಳ ಮುಖವನ್ನೇ ನೋಡಿದಳು. "ಆತು ಬಾಯಿ" ಎಂದಳು.

ಆದರೆ ಮನೆ ತೋರಿಸುವುದರಲ್ಲಿ ಚಂದ್ರವ್ವನಷ್ಟು ಕೆಟ್ಟವರು ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಮೊದಲು ಬಂದ ಮಾಸ್ತರರಿಗೆ ಆಕೆ ಚಹಾ ಕೊಟ್ಟು, ಪಡಸಾಲೆಯ ಮೂಲೆಯಲ್ಲಿ ಆಷಾಢದ ಮಳೆಗೆ ಎಲ್ಲಿಂದ ಹನಿ ಬೀಳುತ್ತದೆಂದು ಕೋಲಿನಿಂದ ತೋರಿಸಿದಳು. ಎರಡನೆಯವರಿಗೆ ಬಾಜು ಮನೆಯ ಎಮ್ಮೆ ಬೆಳಗಿನ ಜಾವ ಒದರುವುದನ್ನು ಅನುಕರಿಸಿಯೇ ತೋರಿಸಿದಳಂತೆ. ಇನ್ನೊಂದು ಕುಟುಂಬ ಕಟ್ಟೆಯ ಮೇಲೆ ಕೂತು ಮನೆ ಚೆನ್ನಾಗಿದೆ ಎನ್ನುವ ಹೊತ್ತಿಗೆ ಗೋವಾ ಕಡೆಯ ರೈಲುಗಾಡಿ ಬಂತು. ಕಪ್ಪುಬಶಿ ಗಡಗಡಿಸಿದವು. "ದಿನಾ ಹಿಂಗ" ಎಂದು ಚಂದ್ರವ್ವ ತಾನೇ ಮೊದಲು ಹೇಳಿದಳು.

ಕುಂದಾ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅವ್ವಾರ, ಕೇಳಿದ್ದಕ್ಕಷ್ಟ ಹೇಳ್ರಿ. ಮನಿ ಮಾರಾಕತ್ತೀರೋ, ಮಂದಿನ ಓಡಸಾಕತ್ತೀರೋ?"

"ಮುಚ್ಚಿಟ್ಟು ಮಾರಿದ್ರ ನಾಳೆ ಅವರು ಬೀಡಿಗೆ ಬಂದು ಮಗಳ ಖಾನಾವಳಿ ಮುಂದ ನಿಂತು ಒದರಿದ್ರ? ನಾ ಅಲ್ಲಿ ಹೊಸದಾಗಿ ಒಲಿ ಹಚ್ಚಬೇಕಾದಾಕಿ."

ಮನೆಯನ್ನು ಬದಲಿಸಲಾಗದಿದ್ದರೆ ಗಿರಾಕಿಯನ್ನೇ ಬದಲಿಸಬೇಕು ಎಂದುಕೊಂಡು ಕುಂದಾ ಸ್ಟೇಶನ್ನಿಗೆ ನಡೆದಳು. ಗಾಡಿಯ ಸಪ್ಪಳ ಬೇಡವೆನ್ನದ ಜನ ಎಲ್ಲಿದ್ದಾರು? ಪ್ಲ್ಯಾಟ್‌ಫಾರ್ಮಿನ ಚಹಾದವನಿಂದ ಹಿಡಿದು ಟಿಕೇಟು ಕೊಡುವವರ ತನಕ ಮಾತಾಡಿಸಿದಳು. ಹೀಗೆ ಸಿಕ್ಕವನು ನಾಗಲಿಂಗ. ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನವನು, ಹೆಂಡತಿ-ಮಕ್ಕಳೊಂದಿಗೆ ಊರಿನ ಆಚೆ ತುದಿಯಲ್ಲಿ ಬಾಡಿಗೆಗೆ ಇದ್ದ. ಅವನು ಮನೆ ನೋಡಲು ಬಂದಾಗ ಚಂದ್ರವ್ವ ಮಳೆ, ಎಮ್ಮೆ, ಗಾಡಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

"ಹೆಂಚು ನಾನ ಹೊದಸ್ತೀನ್ರಿ ಅವ್ವಾರ. ಗಾಡಿ ಸಪ್ಪಳ ಕೇಳಲಿಲ್ಲಂದ್ರ ನನಗ ನಿದ್ದಿನ ಹತ್ತಂಗಿಲ್ಲ" ಎಂದ ನಾಗಲಿಂಗ. "ಎಮ್ಮಿ ಮಾತ್ರ ನಮ್ಮ ಮನಿಯಾಕಿಗೆ ಕೇಳಬೇಕು."

ದರ ಕುದುರಿತು. ಇನ್ನು ಕಾಗದಪತ್ರ ನೋಡೋಣವೆಂದು ಕುಂದಾ ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಿದರೆ ಮನೆ ಇನ್ನೂ ಚಂದ್ರವ್ವನ ಅತ್ತೆ, ಎಂದೋ ತೀರಿಕೊಂಡ ಕಾಶವ್ವನ ಹೆಸರಿನಲ್ಲೇ ಇತ್ತು. ಕಾಶವ್ವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಚಂದ್ರವ್ವನ ಗಂಡ. ಕಿರಿಯವನಾದ ಗುರುಪುತ್ರಪ್ಪ ಕಿತ್ತೂರಿನಲ್ಲಿದ್ದ. ಹೊಲ ಅವನಿಗೆ, ಮನೆ ಇವರಿಗೆ ಎಂದು ಬಾಯಿಮಾತಿನ ಮೇಲೆ ಹಂಚಿಕೆಯಾಗಿತ್ತು. ಅವನು ಬಂದು ಸಹಿ ಮಾಡದೆ ಹೆಸರು ಬದಲಾಗುವುದಿಲ್ಲ, ಇ-ಖಾತಾ ಬರುವುದಿಲ್ಲ, ನೋಂದಣಿಯೂ ಆಗುವುದಿಲ್ಲ.

ಗುರುಪುತ್ರಪ್ಪನ ಹೆಸರು ಕೇಳಿದ್ದೇ ಚಂದ್ರವ್ವನ ಮುಖ ಬಿಗಿಯಿತು. "ಅವನ ಹಂತ್ಯಾಕ ನಾ ಹೋಗಂಗಿಲ್ಲ. ಇಷ್ಟ ವರ್ಷ ಮನಿ ಪಟ್ಟಿ ರೊಕ್ಕ ಯಾರು ತುಂಬ್ಯಾರ? ನಾವ ತುಂಬೇವಿ. ಅವನ ಸಹಿ ಯಾಕ ಬೇಕು?"

"ಕಾಯದೆ ಹಂಗೈತ್ರಿ."

"ಹಂಗೈತೋ, ಹಂಗ ಮಾಡ್ತೀರೋ? ಇಲ್ಲದ ಕೆಲಸ ಹುಟ್ಟಿಸಿ ರೊಕ್ಕ ಏರಸ್ತಾರಂತ ಮಂದಿ ಸುಮ್ಮನ ಅನ್ನಂಗಿಲ್ಲ."

ಕುಂದಾ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅಲ್ಲಿಂದ ಮುಂದೆ ಚಂದ್ರವ್ವ ಫೋನು ಎತ್ತಲಿಲ್ಲ. ನಾಗಲಿಂಗನೂ ಡ್ಯೂಟಿಯಲ್ಲಿದ್ದೇನೆ ಎಂದು ಜಾರಿಕೊಳ್ಳುತ್ತಿದ್ದ. ಒಂದು ದಿನ ಬೇರೆ ಕೆಲಸಕ್ಕೆ ಖಾನಾಪುರಕ್ಕೆ ಹೋದಾಗ ಎಮ್ಮೆಯ ಮನೆಯವಳು ಕರೆದು ಹೇಳಿದಳು. ಇಬ್ಬರೂ ಕೂಡಿ ಛಾಪಾ ಕಾಗದದ ಮೇಲೆ ಬಾಂಡ್ ಬರೆಯುವವನೊಬ್ಬನನ್ನು ಹಿಡಿದಿದ್ದಾರಂತೆ, ಯಾರ ಸಹಿಯೂ ಇಲ್ಲದೆ ಮಾಡಿಸಿಕೊಡುವೆನೆಂದು ಅವನು ಒಪ್ಪಿದ್ದಾನಂತೆ. ಕುಂದಾ ಚಂದ್ರವ್ವನ ಮನೆಗೆ ಹೋಗದೆ ಬಸ್ಸು ಹತ್ತಿದಳು. ಹದಿನೈದು ಸಾವಿರ ಹೋಗಲಿ. ಆ ಇಬ್ಬರನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿದ್ದು ಯಾರು? ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ನೋಡಿ ಬರಿಗೈಯಲ್ಲಿ ಎದ್ದು ಹೋಗುವವರನ್ನು ಅವಳು ಕಂಡಿದ್ದಳು. ಅದು ಹೀಗೆ ಚುಚ್ಚುತ್ತಿರಲಿಲ್ಲ.

ಆಶಿಶ್ ಹೇಳಿದ್ದೇ ಸರಿಯೇನೋ ಎಂದು ಅವಳು ಮನೆಯಲ್ಲಿ ಆಡಿದಳು. ಅವಧೂತ ಸಮಾಧಾನದ ಮಾತು ಹೇಳಲಿಲ್ಲ. ತಟ್ಟೆ ಹಾಕಿ, ಮೊದಲು ಊಟ ಮಾಡು ಎಂದ.

ಚಂದ್ರವ್ವನ ಫೋನು ಬಂದದ್ದು ಸಂಕ್ರಾಂತಿಯ ಮೇಲೆ. ದನಿ ಇಳಿದಿತ್ತು. ಬಾಂಡ್ ಬರೆಯುವವನು ಮುಂಗಡ ತಿಂದು ತಿರುಗಾಡಿಸಿ, ಕಡೆಗೆ ಗುರುಪುತ್ರಪ್ಪನ ಸಹಿ ಇಲ್ಲದೆ ಆಗದು ಎಂದು ಕಾಗದಗಳನ್ನು ವಾಪಸು ಕೊಟ್ಟಿದ್ದ. ಅತ್ತ ಬೀಡಿಯಲ್ಲಿ ಮಳಿಗೆಯ ಮಾಲೀಕ ಅವಸರ ಮಾಡುತ್ತಿದ್ದ.

"ಬಾಯಿ, ನಂದು ತಪ್ಪಾತು. ನಿಮ್ಮ ಮ್ಯಾಲ ಸಂಶೆ ಮಾಡಿದೆ."

"ನಾ ಬರ್ತೀನಿ" ಎಂದಳು ಕುಂದಾ. "ಆದ್ರ ಮೊದಲ ಮಾತಾಡಿಬಿಡೂಣು. ನಿಮ್ಮದು ಹದಿನೈದ ಇರಲಿ, ಅದರಾಗ ಹೆಚ್ಚಿಗೆ ಮಾಡಂಗಿಲ್ಲ. ನಾಗಲಿಂಗಾರಿಗೂ ಕೆಲಸ ಮಾಡಾಕತ್ತೇನಿ, ಅವರು ಹತ್ತು ಕೊಡಬೇಕು. ಇಬ್ಬರೂ ಒಪ್ಪಿದ್ರಷ್ಟ ನಾಳೆ ಕಿತ್ತೂರಿಗೆ ಹೋಗೂಣು. ಪುಕ್ಕಟೆ ಅಂತೂ ನಾ ಬರಂಗಿಲ್ರಿ. ನನಗೂ ಮನಿ ಐತಿ."

ಇಬ್ಬರೂ ಒಪ್ಪಿದರು. ಹೀಗೆ ಮುಲಾಜಿಲ್ಲದೆ ತನ್ನ ಕೂಲಿ ಕೇಳಿದ್ದು ಕುಂದಾಳಿಗೆ ಜೀವನದಲ್ಲಿ ಮೊದಲು.

ಮರುದಿನ ಕುಂದಾ, ಚಂದ್ರವ್ವ ಬಸ್ಸಿನಲ್ಲಿ ನಂದಗಡ, ಬೀಡಿ ದಾಟಿ ಕಿತ್ತೂರು ಮುಟ್ಟಿದರು. ಗುರುಪುತ್ರಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅತ್ತಿಗೆಯನ್ನು ನೋಡಿ ಎದ್ದ, ಬಾ ಎನ್ನಲಿಲ್ಲ. ಅವನ ಹೆಂಡತಿಯೇ ನೀರು ತಂದಿಟ್ಟು "ಕುಂದರ್ರಿ" ಎಂದಳು. ಕುಂದಾ ಬಂದ ಕೆಲಸವನ್ನು ಸುತ್ತುಬಳಸಿಲ್ಲದೆ ಹೇಳಿದಳು. ಮನೆಯ ಮೇಲೆ ಅವನಿಗಿರುವ ಹಕ್ಕು, ಸಹಿ ಮಾಡಿದರೆ ಅದು ಹೋಗುತ್ತದೆ ಎನ್ನುವುದು, ಎಲ್ಲವನ್ನೂ.

"ರೊಕ್ಕ ಯಾರು ಕೇಳ್ಯಾರ?" ಎಂದ ಗುರುಪುತ್ರಪ್ಪ. "ನಮ್ಮ ಅಣ್ಣ ಬೆಳಗಾವಿ ದವಾಖಾನ್ಯಾಗ ಇದ್ದಾಗ ನನಗೊಂದು ಮಾತು ಹೇಳಲಿಲ್ಲ ಈಕಿ. ನಾ ಮುಖ ನೋಡಿದ್ದು ಮಣ್ಣಿಗೆ ಇಡೂಮುಂದ. ಈಗ ಸಹಿ ಬೇಕಾಗೈತಿ, ನೆನಪಾತು."

ಚಂದ್ರವ್ವ ತಲೆ ಎತ್ತಿದಳು. "ಹೇಳಬ್ಯಾಡ ಅಂತ ಅವರ ಅಂದ್ರು. ಸುಗ್ಗಿ ಇತ್ತು, ತಮ್ಮ ರಾಶಿ ಬಿಟ್ಟು ಓಡಿ ಬರ್ತಾನ, ಎರಡು ದಿನದಾಗ ನಾನ ಮನಿಗೆ ಹೊಕ್ಕೀನಿ, ಸುಮ್ಮನಿರು ಅಂದ್ರು. ಅವರು ಮನಿಗೆ ಬರತಾರಂತ ನಾನೂ ನಂಬಿದ್ದೆ."

ಗುರುಪುತ್ರಪ್ಪ ಹಗ್ಗದ ತುದಿಯನ್ನು ಬಿಚ್ಚಿ ಮತ್ತೆ ಹೊಸೆದ. "ಹಂಗಂದಾನು ಅಂವಾ" ಎಂದ. ಒಳಗೆ ತಿರುಗಿ ರೊಟ್ಟಿ ಬಡಿಯಲು ಹೇಳಿದ.

ಊಟವಾದ ಮೇಲೆ ಅವನು ಒಂದೇ ಒಂದು ಕೇಳಿದ. ಆ ಮನೆಯ ತಲಬಾಗಿಲು ಅವನ ಅಪ್ಪ ತಾನೇ ಕೆತ್ತಿದ್ದು, ಸಾಗವಾನಿಯದು. ಅದು ತನಗೆ ಬೇಕು. ಕೊಳ್ಳುವವನಿಗೆ ಅಷ್ಟೇ ಗಟ್ಟಿಯಾದ ಹೊಸ ಬಾಗಿಲನ್ನು ತಾನೇ ಕೂಡಿಸಿಕೊಡುವೆ. ಕುಂದಾ ಅಲ್ಲಿಂದಲೇ ನಾಗಲಿಂಗನಿಗೆ ಫೋನು ಹಚ್ಚಿದಳು. ಅವನು ಹೆಂಡತಿಯನ್ನು ಕೇಳಿದ. ಹಳೆಯ ಬಾಗಿಲು ಗಿಡ್ಡ, ತಾನು ಒಳಗೆ ಹೋಗುವಾಗ ಮೊನ್ನೆ ಹಣೆ ಬಡಿಸಿಕೊಂಡಿದ್ದೆ, ಎತ್ತರದ್ದು ಮಾಡಿಸಿಕೊಡುವುದಾದರೆ ಆಗಲಿ ಎಂದಳಂತೆ ಆಕೆ. ಬಾಗಿಲ ಮಾತೂ ಕರಾರಿನಲ್ಲಿ ಬರಬೇಕೆಂದು ಕುಂದಾ ಎಲ್ಲರಿಗೂ ಹೇಳಿದಳು. ನಾಳೆ ಬಾಗಿಲಿಗಾಗಿ ಯಾರೂ ಮನಸ್ಸು ಕೆಡಿಸಿಕೊಳ್ಳಬಾರದು.

ಆಮೇಲಿನದು ಬರೀ ಓಡಾಟ. ಪಂಚಾಯಿತಿಗೆ, ಅಲ್ಲಿಂದ ನೋಟರಿಯ ಹತ್ತಿರಕ್ಕೆ, ಮತ್ತೆ ಪಂಚಾಯಿತಿಗೆ. ಸಾಹೇಬರು ರಜೆಯಲ್ಲಿದ್ದರು, ಸರ್ವರ್ ಕೈಕೊಟ್ಟಿತು, ಒಂದು ಕಡೆ ಕಾಶವ್ವನ ಹೆಸರು ಕಾಶಿಬಾಯಿ ಎಂದು ಬಿದ್ದಿತ್ತು. ಎಷ್ಟೋ ಸಲ ಚಂದ್ರವ್ವನೂ ಜೊತೆಗೆ ಬಂದು ಬಾಕಿನ ಮೇಲೆ ಕಾಯುತ್ತ ಕೂತಳು. ಒಂದು ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ, "ಇಷ್ಟೆಲ್ಲಾ ಐತಿ ಅಂತ ನೀವ್ಯಾಕ ಮೊದಲ ಹೇಳಲಿಲ್ಲ?" ಎಂದು ಕೇಳಿದಳು.

"ಹೇಳಿದ್ದೆ. ನೀವು ಇಲ್ಲದ ಕೆಲಸ ಅಂದ್ರಿ."

ಚಂದ್ರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಬಾಜು ಕೂತವರೆಲ್ಲ ತಿರುಗಿ ನೋಡಿದರು.

ನೋಂದಣಿ ಮುಗಿದ ದಿನ ಚಂದ್ರವ್ವ ತಾನಾಗಿಯೇ ಹದಿನೈದು ಸಾವಿರವನ್ನು ಕುಂದಾಳ ಕೈಯಲ್ಲಿಟ್ಟಳು. ನಾಗಲಿಂಗನೂ ತನ್ನ ಪಾಲು ಕೊಟ್ಟ. ಹೊರಗೆ ಬೇವಿನ ಮರದ ನೆರಳಲ್ಲಿ ನಿಂತಾಗ ಕುಂದಾ ಕೇಳಿದಳು, "ಈಗ ಹೇಳ್ರಿ ಅವ್ವಾರ, ಜಾಸ್ತಿ ಆತೇನು?"

ಚಂದ್ರವ್ವ ಮುಲಾಜು ನೋಡುವವಳಲ್ಲ. "ನನಗ ಇನ್ನೂ ಜಾಸ್ತಿನ ಅನಸ್ತೈತಿ ಬಾಯಿ. ಆದ್ರ ಯಾತಕ್ಕ ಕೊಟ್ಟೆ ಅನ್ನೂದು ಗೊತ್ತೈತಿ. ನಿಮಗ ಕಮ್ಮಿ ಆತೇನು?"

"ಆತ್ರಿ" ಎಂದಳು ಕುಂದಾ, ಅಷ್ಟೇ ನೇರವಾಗಿ. ಇಬ್ಬರೂ ನಗುತ್ತ ಕಬ್ಬಿನ ಹಾಲು ಕುಡಿಯಲು ಹೋದರು.

ಈಗ ಕುಂದಾ ಸಣ್ಣ ಮನೆಗಳ ಕೆಲಸವನ್ನೇ ಮಾಡುತ್ತಾಳೆ. ಪೀರನವಾಡಿಯ ತನ್ನ ಮನೆಯ ಮುಂದಿನ ಖೋಲಿಯಲ್ಲಿ ನಾಲ್ಕು ಕುರ್ಚಿ ಹಾಕಿದ್ದಾಳೆ. ಬಂದವರಿಗೆ ಕೂತ ಕೂಡಲೇ ಕಾಗದ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಾಳೆ. ಯಾವ ಕೆಲಸ ನೀವು ಮಾಡುತ್ತೀರಿ, ಯಾವುದು ನಾನು ಮಾಡಬೇಕು, ಅದಕ್ಕೆಷ್ಟು ಎಂದು ಚಹಾ ಬರುವ ಮೊದಲೇ ಹೇಳಿ ಮುಗಿಸುತ್ತಾಳೆ. ಕೊಳ್ಳುವವರಿಂದಲೂ ಒಂದಿಷ್ಟು ತೆಗೆದುಕೊಳ್ಳುತ್ತಾಳೆ. ಕೆಲವರು ಹೆಚ್ಚಾಯಿತೆಂದು ಎದ್ದು ಹೋಗುತ್ತಾರೆ. ಅವರಲ್ಲೂ ಕೆಲವರು ತಿರುಗಿ ಬರುತ್ತಾರೆ. ಆಶಿಶ್ ಈಗ ಸಣ್ಣ ಗಿರಾಕಿಗಳಿಗೆ ಬೇಲಿ ಹಾಕುವುದಿಲ್ಲ, ಅವಳ ನಂಬರು ಕೊಟ್ಟು ಕಳಿಸುತ್ತಾನೆ. ದೊಡ್ಡ ಗಳಿಕೆ ಏನಿಲ್ಲ. ಕೆಲವು ತಿಂಗಳು ಅವಧೂತನ ಪಗಾರದ ಮೇಲೇ ಮನೆ ನಡೆಯುತ್ತದೆ. ಆದರೂ ಆ ನಾಲ್ಕು ಕುರ್ಚಿ ಸಾಲದೆ ಜನ ಕಟ್ಟೆಯ ಮೇಲೆ ಕೂರುವ ದಿನಗಳೂ ಬರುತ್ತಿವೆ.

ಬೀಡಿಯ ಖಾನಾವಳಿ ಬಸವ ಜಯಂತಿಯ ದಿನ ಶುರುವಾಯಿತು. ಕುಂದಾ ಗಂಡನನ್ನೂ ಕರೆದುಕೊಂಡು ಹೋದಳು. ಒಳಗೆ ಹೊಸ ಬಾಕು ಸಾಲದೆ ಜನ ನಿಂತೇ ಉಣ್ಣುತ್ತಿದ್ದರು. ಮೇಘಾ ರೊಕ್ಕ ಎಣಿಸುತ್ತ ಗಲ್ಲೆಯ ಮೇಲೆ ಕೂತಿದ್ದಳು. ಗುರುಪುತ್ರಪ್ಪ ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಬಡಿಸುತ್ತಿದ್ದ. ಚಂದ್ರವ್ವ ಒಲೆಯ ಮುಂದಿನಿಂದಲೇ, "ಇವರ ನೋಡ್ರಿ ನಮ್ಮ ಮನಿ ಮಾರಿಸಿದವರು, ಕುಂದಾಬಾಯಾರು" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಎಣ್ಣೆಗಾಯಿಯನ್ನು ಎರಡನೇ ಸಲ ಹಾಕಿಸಿಕೊಳ್ಳಲು ಅವಧೂತ ತಟ್ಟೆ ಮುಂದೆ ಮಾಡುತ್ತಿರುವಾಗ ಪಕ್ಕದ ಬಾಕಿನಿಂದ ರುಮಾಲಿನ ಮುದುಕರೊಬ್ಬರು ಈ ಕಡೆ ವಾಲಿದರು.

"ಬಾಯಾರ, ನಂದೊಂದು ಗುಂಟೆ ಜಾಗಾ ಐತ್ರಿ ಇಲ್ಲೇ ಹೊರಗ. ಮಾರಬೇಕೋ ಬ್ಯಾಡೋ ತಿಳೀವಲ್ದು. ನೋಡಾಕ ಬಂದ್ರ ಏನ ತಗೋತೀರಿ?"

"ನೋಡಾಕ ಏನೂ ಇಲ್ರಿ" ಎಂದಳು ಕುಂದಾ. "ಉಂಡು ಮುಗಸ್ತೀನಿ, ನಡಕೊಂಡ ಹೋಗೂಣು."